ಹೊಲದಿಂದ ಮೇಲೆದ್ದ ವಿಮಾನ

ಅಮೆರಿಕದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೋದ ತಿಂಗಳು ಒಂದು ಚಿತ್ರ ಕಳುಹಿಸಿದ್ದ. ಮನೆಯ ಗ್ಯಾರೇಜಿನಲ್ಲಿ ಅಲ್ಯೂಮಿನಿಯಂ ತಗಡಿನ ಬಾಲವೊಂದು ನಿಂತಿತ್ತು. "ಮೇಷ್ಟ್ರೇ, ಕೈಕೆಲಸದ ತರಗತಿಯಲ್ಲಿ ತಗಡು ಕತ್ತರಿಸಲು ನೀವು ಕಲಿಸಿದ್ದು ಈಗ ಉಪಯೋಗಕ್ಕೆ ಬಂತು" ಎಂದು ಬರೆದಿದ್ದ. ಅವನು ಕಟ್ಟುತ್ತಿರುವುದು ವ್ಯಾನ್ಸ್ ಕಂಪನಿಯ ಬಿಡಿಭಾಗಗಳ ವಿಮಾನ. ಅದರ ಹುಟ್ಟಿನ ಕಥೆಯನ್ನು ನಿಮ್ಮ ಮುಂದಿಡಬೇಕೆನಿಸಿತು.

ರಿಚರ್ಡ್ ವ್ಯಾನ್‌ಗ್ರನ್ಸ್‌ವೆನ್ ಆರೆಗನ್ ರಾಜ್ಯದ ರೈತ ಕುಟುಂಬದವರು. ಮನೆಯ ಹೊಲದಲ್ಲಿದ್ದ ರನ್‌ವೇ ಬಹಳ ಗಿಡ್ಡ. ಅಲ್ಲಿಂದ ಹಾರಿ ಅಲ್ಲೇ ಇಳಿಯುವ ವಿಮಾನ ವೇಗದಲ್ಲಿಯೂ ಹಿಂದೆ ಬೀಳಬಾರದು ಎಂಬುದು ಅವರ ಹಟ. ಈ ಎರಡು ಗುಣಗಳು ಸಾಮಾನ್ಯವಾಗಿ ಒಟ್ಟಿಗೆ ಬಾಳುವುದಿಲ್ಲ: ನಿಧಾನವಾಗಿ ಇಳಿಯಲು ದೊಡ್ಡ ರೆಕ್ಕೆ ಬೇಕು, ವೇಗಕ್ಕೆ ಚಿಕ್ಕದು ಬೇಕು. ಎಂಜಿನಿಯರಿಂಗ್ ಓದಿದ್ದ ಅವರು ಸ್ಟಿಟ್ಸ್ ಪ್ಲೇಬಾಯ್ ಎಂಬ ಪುಟ್ಟ ವಿಮಾನವೊಂದನ್ನು ಕೊಂಡು, 125 ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್ ಕೂರಿಸಿದರು. 1965ರಲ್ಲಿ ಆಸರೆಕೋಲಿಲ್ಲದ ಅಲ್ಯೂಮಿನಿಯಂ ರೆಕ್ಕೆಯನ್ನೂ ತಾವೇ ಮಾಡಿ ಜೋಡಿಸಿದರು. ಅದೇ ಆರ್‌ವಿ-1, ತಮ್ಮ ಹೆಸರಿನ ಮೊದಲಕ್ಷರಗಳನ್ನೇ ಅದಕ್ಕಿಟ್ಟರು.

ಬಳಿಕ ಪೂರ್ತಿ ತಮ್ಮದೇ ವಿನ್ಯಾಸದ, ಒಬ್ಬರೇ ಕೂರುವ ಆರ್‌ವಿ-3 1971ರಲ್ಲಿ ಹಾರಿತು. ಕಂಡವರೆಲ್ಲ ತಮಗೂ ನಕ್ಷೆ ಕೊಡಿ ಎಂದರು. 1973ರಲ್ಲಿ, ಮನೆಯ ಹಿಂದಿನ ಪುಟ್ಟ ಕಾರ್ಯಾಗಾರದಲ್ಲಿ ಕಂಪನಿ ಆರಂಭವಾಯಿತು. ಎರಡು ಆಸನಗಳ ಆರ್‌ವಿ-4 ಹಾರಿದ್ದು 1979ರಲ್ಲಿ. ನನ್ನ ದೃಷ್ಟಿಯಲ್ಲಿ ಗ್ರಾಹಕರನ್ನು ತಂದದ್ದು ಅದೇ. ಹೆಂಡತಿಯನ್ನೋ ಮಗನನ್ನೋ ಬಿಟ್ಟು ಎಷ್ಟು ದಿನ ಒಬ್ಬರೇ ಹಾರುವುದು?

ನನಗೆ ಹೆಚ್ಚು ಹಿಡಿಸಿದ್ದು ಅಲ್ಲಿನ ಕಾನೂನು. ವಿಮಾನದ ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳೇ, ಸ್ವಂತ ಕಲಿಕೆಗಾಗಿ ಅಥವಾ ಸಂತೋಷಕ್ಕಾಗಿ ಮಾಡಿರಬೇಕು. ಕಲಿಕೆಯನ್ನು ಶಾಸನದಲ್ಲೇ ಬರೆದಿಟ್ಟಿದ್ದಾರಲ್ಲ ಎಂದು ಮೇಷ್ಟ್ರ ಮನಸ್ಸು ಹಿಗ್ಗಿತು! ಆರ್‌ವಿಗಳನ್ನು ಹೀಗೆ ಕಟ್ಟಿ ಹಾರಿಸಿದವರ ಸಂಖ್ಯೆ 11,000 ದಾಟಿದೆ.

ಕಷ್ಟವೂ ಬಂತು. ಬೇಡಿಕೆ ಹೆಚ್ಚಿದಾಗ ತಗಡಿನ ರಂಧ್ರಗಳನ್ನು ಲೇಸರ್‌ನಿಂದ ಕೊರೆಸಿದರು. ರಿವೆಟ್ಟಿನ ತಲೆ ಕೂರಲೆಂದು ರಂಧ್ರದ ಅಂಚನ್ನು ತಗ್ಗಿಸಿದಾಗ ಕೆಲವೆಡೆ ಬಿರುಕು ಕಾಣಿಸಿತು. 2023ರ ಡಿಸೆಂಬರಿನಲ್ಲಿ ಕಂಪನಿ ದಿವಾಳಿ ರಕ್ಷಣೆಗಾಗಿ ನ್ಯಾಯಾಲಯದ ಮೊರೆಹೋಯಿತು. ವೃದ್ಧ ಸ್ಥಾಪಕರು ಸ್ವಂತ ಹಣವನ್ನೇ ಸಾಲವಾಗಿ ಕೊಟ್ಟರು. 2024ರಲ್ಲಿ ಕಂಪನಿ ಚೇತರಿಸಿಕೊಂಡು ಹೊರಬಂತು.

ನಿನ್ನೆ ಶಿಷ್ಯನ ಇನ್ನೊಂದು ಪತ್ರ ಬಂದಿದೆ. ಓರೆಯಾಗಿ ಕೂತ ರಿವೆಟ್ಟೊಂದನ್ನು ಕೊರೆದು ತೆಗೆದು, ಮತ್ತೆ ಬಡಿದನಂತೆ.