ಅಕ್ಕಿಗಾಗಿ ಕಡಲು ದಾಟಿದ ಓಡಗಳು

ತಳಿಯಲ್ಲಿ ಕುಳಿತು ಕಡಲಿನ ಮಾತೇಕೆ ಎಂದು ನೀವು ಕೇಳಬಹುದು. ನಾವು ಕಂಡಿರುವುದು ಹೊಗೇನಕಲ್ಲಿನ ತೆಪ್ಪ, ತಮಿಳಿನಲ್ಲಿ ಪರಿಸಲ್ ಎನ್ನುತ್ತೇವಲ್ಲ, ಅಷ್ಟೇ. ಆದರೆ 1956ರವರೆಗೆ ನಾವಿದ್ದ ಮದರಾಸು ರಾಜ್ಯದಲ್ಲೇ, ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿ, ಅರಬ್ಬಿ ಕಡಲಿನ ನಡುವೆ ಐದು ದ್ವೀಪಗಳಿದ್ದವು: ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾಟ್, ಬಿತ್ರ.

ಇವು ಮೊದಲು ಕಣ್ಣೂರಿನ ಅರಸುಮನೆಯ ಕೈಯಲ್ಲಿದ್ದವು. ಆ ಆಳ್ವಿಕೆಯ ಕಾಟ ತಾಳಲಾರದೆ ಅಮಿನಿಯ ಕೆಲವರು ಹದಿನೆಂಟನೇ ಶತಮಾನದ ಕೊನೆಯಲ್ಲಿ ಕಡಲು ದಾಟಿ ಬಂದು ಟೀಪು ಸುಲ್ತಾನನ ಆಶ್ರಯ ಕೇಳಿದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇವು ಕಂಪನಿಯ ವಶವಾಗಿ, ಮಂಗಳೂರಿನಿಂದಲೇ ಆಡಳಿತ ನಡೆಯಿತು.

ಅಲ್ಲಿ ತೆಂಗು ಉಂಟು, ಭತ್ತವಿಲ್ಲ. ಆದ್ದರಿಂದ ಮನೆಯ ಅನ್ನ ಹೆಂಗಸರ ಕೈಯಲ್ಲಿತ್ತು. ಅವರು ತೆಂಗಿನ ಸಿಪ್ಪೆಯನ್ನು ತಿಂಗಳುಗಟ್ಟಲೆ ನೀರಿನಲ್ಲಿ ಕೊಳೆಯಿಟ್ಟು, ಬಡಿದು, ನಾರು ತೆಗೆದು ಹಗ್ಗ ಹೊಸೆಯುತ್ತಿದ್ದರು. ಆ ಹಗ್ಗವನ್ನು ಸರ್ಕಾರವೇ ಕೊಳ್ಳಬೇಕೆಂಬ ಕಟ್ಟಳೆ. ದರ ಕಟ್ಟುವುದೂ ಸರ್ಕಾರವೇ. ಬದಲಿಗೆ ಅಕ್ಕಿ. ಈ ವ್ಯಾಪಾರದಲ್ಲಿ ಯಾರ ಕೈ ಮೇಲಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹಗ್ಗ ಹೊತ್ತು ಬರುತ್ತಿದ್ದ ಹಾಯಿದೋಣಿಗೆ ಓಡ ಎಂದು ಹೆಸರು. ಅದರ ಹಲಗೆಗಳನ್ನೂ ಮೊಳೆಯ ಬದಲು ನಾರಿನ ಹಗ್ಗದಿಂದಲೇ ಹೊಲಿಯುತ್ತಿದ್ದರು. ಗಂಡಸರ ಪ್ರಾಣ ಕಡಲಿನ ಮೇಲೆ ನಿಂತಿದ್ದುದು ಮನೆಯ ಹೆಂಗಸರು ಹೊಸೆದ ಹುರಿಯ ಮೇಲೆ ಎಂದರೆ ಉತ್ಪ್ರೇಕ್ಷೆಯಲ್ಲ. ಅಮಿನಿಯಿಂದ ಮಂಗಳೂರಿಗೆ ಸುಮಾರು 300 ಕಿಲೋಮೀಟರ್. ಹೊಸೂರಿನಿಂದ ಚೆನ್ನೈಗೆ ಇರುವಷ್ಟು ದೂರ. ನಮಗದು ಒಂದು ರಾತ್ರಿಯ ಬಸ್ಸು. ಅವರಿಗೆ ಗಾಳಿ ಒಲಿದರೆ ಕೆಲವು ದಿನ, ಗಾಳಿ ಸತ್ತರೆ ಎಷ್ಟು ದಿನವೋ! ಸುತ್ತಲೂ ನೀರೇ ಇದ್ದರೂ ಕುಡಿಯುವ ನೀರಿಗೆ ಅಳತೆ. ಮರದ ದೋಣಿಯಾದ್ದರಿಂದ ಒಲೆ ಹೊತ್ತಿಸುವಾಗಲೂ ಎಚ್ಚರ.

ದಾರಿ ತೋರುವವನು ಮಾಲ್ಮಿ. ನಕ್ಷತ್ರಗಳ ಲೆಕ್ಕ ಬರೆದಿಟ್ಟ ರಹ್ಮಾನಿ ಎಂಬ ಕೈಬರಹದ ಪುಸ್ತಕವೇ ಅವನ ಆಸ್ತಿ. ಗಂಟು ಹಾಕಿದ ದಾರವಿರುವ ಸಣ್ಣ ಹಲಗೆಯೊಂದನ್ನು ಕಣ್ಣ ಮುಂದೆ ಹಿಡಿದು, ಧ್ರುವನಕ್ಷತ್ರ ಕಡಲಂಚಿನಿಂದ ಎಷ್ಟು ಮೇಲಿದೆ ಎಂದು ಅಳೆಯುವ ಪದ್ಧತಿ ಅರಬ್ಬಿ ಕಡಲಿನ ನಾವಿಕರಲ್ಲಿತ್ತು. ತೆಂಕಣಕ್ಕೆ ಹೋದಂತೆ ಧ್ರುವ ಕೆಳಗಿಳಿಯುತ್ತದೆ. ತಮ್ಮ ದ್ವೀಪದ ಅಳತೆಗೆ ಅದು ಇಳಿದಾಗ ಹಾಯಿ ತಿರುಗಿಸಿ ಪಡುವಣಕ್ಕೆ ಸಾಗುವುದು. ಲೆಕ್ಕ ತಪ್ಪಿದರೆ ತಗ್ಗಾದ ದ್ವೀಪ ಕಣ್ಣಿಗೇ ಬೀಳದೆ ಹಿಂದೆ ಉಳಿಯುತ್ತಿತ್ತು. ಮುಂದೆ ಬರೀ ಕಡಲು. ಮುಂಗಾರು ಹಿಡಿಯುವ ಮೊದಲು ಓಡಗಳನ್ನು ದಡಕ್ಕೆ ಎಳೆಯಬೇಕು. ಅಷ್ಟರೊಳಗೆ ಅಕ್ಕಿ ಬಾರದಿದ್ದರೆ ಆ ಮಳೆಗಾಲವೆಲ್ಲ ಮಕ್ಕಳ ಹೊಟ್ಟೆಗೆ ತೆಂಗಿನಕಾಯಿ, ಮೀನು.

ಮಂಗಳೂರಿಗೆ ಬರುತ್ತಿದ್ದವರು ಹೆಚ್ಚಾಗಿ ಗಂಡಸರೇ. ಆದರೆ ಬಿತ್ರದ ಕಥೆ ಬೇರೆ. ಕಡಲಹಕ್ಕಿಗಳ ನೆಲೆಯಾಗಿದ್ದ ಆ ಪುಟ್ಟ ದ್ವೀಪದಲ್ಲಿ 1945ರಲ್ಲಿ ಮೊದಲು ಕಾಯಂ ಆಗಿ ನೆಲೆಸಿದವರು, ಚೆಟ್ಲಾಟಿನಿಂದ ಹೋದ ಒಬ್ಬ ಮುದುಕಿ ಮತ್ತು ಆಕೆಯ ಮಗ.

1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ, ಕಾಸರಗೋಡು ಕೇರಳಕ್ಕೆ ಹೋದವು. ನಾವು ಮದರಾಸಿನಲ್ಲೇ ಉಳಿದೆವು. ಅದೇ ದಿನ ಈ ದ್ವೀಪಗಳು ಕೇಂದ್ರಾಡಳಿತಕ್ಕೆ ಸೇರಿದವು. 1973ರಲ್ಲಿ ಲಕ್ಷದ್ವೀಪವೆಂಬ ಹೆಸರಾಯಿತು. ಕಚೇರಿ ಮೊದಲು ಕೋಳಿಕ್ಕೋಡಿನಲ್ಲಿ, 1964ರಿಂದ ಕವರತ್ತಿಯಲ್ಲಿ. ಆದರೂ ಸಾಮಾನಿಗಾಗಿ ದ್ವೀಪದ ದೋಣಿಗಳು ಆಮೇಲೂ ಬಹುಕಾಲ ಮಂಗಳೂರಿನ ಹಳೆ ಬಂದರಿಗೆ ಬರುತ್ತಲೇ ಇದ್ದವು, ನಮ್ಮವರು ಗಡಿ ದಾಟಿ ಆನೇಕಲ್ಲಿಗೆ ಹೋಗುವುದನ್ನು ಬಿಡದ ಹಾಗೆ.