‘ವಾಯುಭಾರ’ ಶಬ್ದವೂ ಮಂಗಳೂರಿನ ಪಾಠಶಾಲೆಗಳೂ

ಶಾಸ್ತ್ರಪದಗಳು ಕನ್ನಡದಲ್ಲಿ ನೆಲೆಗೊಂಡ ಬಗೆಯನ್ನು ವಿಚಾರಿಸುವವರಿಗೆ ‘ವಾಯುಭಾರ’ವು ಒಳ್ಳೆಯ ನಿದರ್ಶನವಾಗಿದೆ. ಇಟಲಿಯ ಟಾರಿಸೆಲ್ಲಿಯು ಪಾದರಸದ ನಳಿಗೆಯಿಂದ ಗಾಳಿಗೂ ತೂಕವುಂಟೆಂದು ತಿಳಿಸಿಕೊಟ್ಟನು. 1648ರಲ್ಲಿ ಪಾಸ್ಕಲನ ಸೂಚನೆಯಂತೆ ಆ ನಳಿಗೆಯನ್ನು ಬೆಟ್ಟದ ಮೇಲೆ ಒಯ್ದು, ಪಾದರಸವು ಇಳಿಯುವುದನ್ನು ಕಂಡರು. ಆ ಉಪಕರಣಕ್ಕೆ ಬಾರೋಮೀಟರೆಂಬ ಹೆಸರಾಯಿತು. ಗ್ರೀಕರ ‘ಬಾರೋಸ್’ ಎಂದರೆ ಭಾರ. ಧ್ವನಿಯಿಂದ ಇದು ನಮ್ಮ ‘ಭಾರ’ದ ಬಂಧುವೆಂದು ತೋರಿದರೂ, ಇದರ ನಿಜವಾದ ಜ್ಞಾತಿಯು ಸಂಸ್ಕೃತದ ‘ಗುರು’ ಶಬ್ದವು. ‘ವಾಯುಭಾರಮಾಪಕ’ವು ಅರ್ಥಾನುಸಾರಿಯಾದ ಭಾಷಾಂತರವೆಂಬುದು ಇದರಿಂದ ಸ್ಪಷ್ಟವಾಗುವುದು.

ಹೊಸ ವಿದ್ಯೆಯು ಕನ್ನಡಕ್ಕೆ ಇಳಿದು ಬಂದ ಹಾದಿಯಲ್ಲಿ ಮಂಗಳೂರಿನ ಪಾತ್ರವು ದೊಡ್ಡದು. 1834ರಲ್ಲಿ ಬಾಸೆಲ್ ಮಿಶನಿನವರು ಇಲ್ಲಿಗೆ ಬಂದರು, 1841ರಲ್ಲಿ ಮುದ್ರಣಾಲಯವೂ 1843ರಲ್ಲಿ ‘ಮಂಗಳೂರ ಸಮಾಚಾರ’ವೂ ಆರಂಭವಾದುವು, 1880ರಲ್ಲಿ ಸೇಂಟ್ ಅಲೋಶಿಯಸ್ ಕಾಲೇಜು ಸ್ಥಾಪಿತವಾಯಿತು, 1894ರಲ್ಲಿ ಕಿಟ್ಟೆಲರ ನಿಘಂಟು ಇಲ್ಲಿಯೇ ಅಚ್ಚಾಯಿತು. ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿ ‘ವಿಜ್ಞಾನ’ ಪತ್ರಿಕೆಯನ್ನು ಹೊರಡಿಸಿದರು. ದಕ್ಷಿಣ ಕನ್ನಡದವರಾದ ಶಿವರಾಮ ಕಾರಂತರ ‘ಬಾಲಪ್ರಪಂಚ’ವು 1936ರಲ್ಲಿ ಮಕ್ಕಳ ಕೈಸೇರಿತು.

ಆದರೆ ಭಾಷಾಂತರವು ಸರಿಯಾದ ಮಾತ್ರಕ್ಕೆ ಬೋಧವು ಸರಿಯಾಗುವುದಿಲ್ಲ. ಭಾರವೆಂದೊಡನೆ ಅದು ಕೆಳಮುಖವಾಗಿಯೇ ಇರುವುದೆಂದು ಬಾಲಕನು ಭಾವಿಸುವನು. ಲೋಟದ ತುಂಬ ನೀರು ತುಂಬಿ, ಬಾಯಿಗೆ ದಪ್ಪ ಕಾಗದವನ್ನಿಟ್ಟು, ಅಂಗೈಯಿಂದ ಹಿಡಿದು ಬೋರಲು ಮಾಡಿ ಕೈತೆಗೆದರೆ ನೀರು ಬೀಳದು. ಗಾಳಿಯು ಕೆಳಗಿನಿಂದಲೂ ಒತ್ತುವುದೆಂಬುದಕ್ಕೆ ಇದಕ್ಕಿಂತ ಸುಲಭವಾದ ಪ್ರಮಾಣವು ಬೇಡ. ಕಡಲಮಟ್ಟದ ಮಂಗಳೂರಿನಲ್ಲಿ ಈ ಒತ್ತಡವು ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ತೂಕದಷ್ಟು. ಪಾದರಸವು ಸುಮಾರು 76 ಸೆಂಟಿಮೀಟರ್ ನಿಲ್ಲುವುದು. 1,894 ಮೀಟರ್ ಎತ್ತರದ ಕುದುರೆಮುಖದ ನೆತ್ತಿಯಲ್ಲಿ ಅದು ಸುಮಾರು 15 ಸೆಂಟಿಮೀಟರ್ ಇಳಿಯಬೇಕು.

ಸೀಸೆಯ ಬಾಯಿಗೆ ರಬ್ಬರಿನ ಪೊರೆಯನ್ನು ಬಿಗಿದು, ಅದರ ನಡುವೆ ಒಂದು ಕಡ್ಡಿಯ ತುದಿಯನ್ನು ಅಂಟಿಸಿದರೆ ಮಾಪಕವೇ ಆಯಿತು. ಹೊರಗಿನ ಒತ್ತಡವು ಕುಗ್ಗಿದಾಗ ಪೊರೆಯು ಉಬ್ಬಿ, ಕಡ್ಡಿಯ ಹೊರತುದಿಯು ತಗ್ಗುವುದು. ಬಿಸಿಲಿನ ಕಾವಿನಿಂದಲೂ ಪೊರೆಯು ಉಬ್ಬುವುದರಿಂದ, ಇದನ್ನು ನೆರಳಿನಲ್ಲಿ ಇಟ್ಟು ನೋಡತಕ್ಕದ್ದು.

ಇದು ಕೇವಲ ಶಾಲೆಯ ವಿನೋದವಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತವು ಈ ಕರಾವಳಿಯ ಸಮೀಪದಲ್ಲಿ ಸಾಗಿತು. ಮೊಗವೀರರ ಮನೆಗಳಲ್ಲಿ ‘ವಾಯುಭಾರ ಕುಸಿತ’ವೆಂಬ ವಾರ್ತೆಯು ದೋಣಿಯನ್ನು ಕಡಲಿಗೆ ಇಳಿಸುವುದೇ ಬಿಡುವುದೇ ಎಂಬ ನಿರ್ಧಾರಕ್ಕೆ ಆಧಾರವಾಗಿದೆ. ಒತ್ತಡವು ತಗ್ಗಿದೆಡೆಗೆ ಸುತ್ತಲ ಗಾಳಿಯು ನುಗ್ಗಿ, ಮೇಲೇರಿ, ತಣಿದು ಮಳೆಯಾಗುವುದನ್ನು ಅರಿಯದವನಿಗೆ ಆ ಮಾತು ಬರಿಯ ಸದ್ದು. ‘ಭಾರ’ವನ್ನು ತೊರೆದು ‘ಒತ್ತಡ’ವನ್ನೇ ಹಿಡಿಯಬೇಕೆಂದಲ್ಲ, ಒಂದು ಕಾರಣವನ್ನೂ ಇನ್ನೊಂದು ಕಾರ್ಯವನ್ನೂ ಹೇಳುತ್ತದೆ. ಲೋಟವು ಮೊದಲು, ಪದವು ಅನಂತರ ಎಂಬ ಕ್ರಮವನ್ನು ಉಪಾಧ್ಯಾಯರು ಪಾಲಿಸಿದರೆ ಎರಡೂ ಸಾರ್ಥಕವಾಗುವುವು.