ಬೇಸಗೆಯ ಅತಿಸಾರ

ಎಳೆಯ ಮಗುವಿಗೆ ಭೇದಿಯಾದರೆ ನಮ್ಮ ಮನೆಗಳಲ್ಲಿ ಹಿರಿಯರು ಮೊದಲು ಆಡುವ ಮಾತು, “ಹಲ್ಲು ಬರುತ್ತಿದೆ” ಎಂಬುದು. ಈ ನಂಬಿಕೆ ನಮ್ಮವರಿಗೇ ಮೀಸಲಾದುದಲ್ಲ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಮರಣದ ದಾಖಲೆಗಳಲ್ಲಿಯೂ ಹಲ್ಲು ಮೂಡುವುದೇ ಸಾವಿನ ಕಾರಣವೆಂದು ಬರೆದಿರುವುದುಂಟು. ಶ್ರೋತೃಗಳಿಗೆ ನಗು ಬಂದೀತು. ಆದರೆ ಹಾಗೆ ಬರೆಯಿಸಿಕೊಂಡ ಶಿಶುಗಳು ಒಬ್ಬರಿಬ್ಬರಲ್ಲ.

ಆ ದೇಶದ ಕೈಗಾರಿಕಾ ನಗರಗಳಲ್ಲಿ ಬೇಸಗೆ ಬಂದಿತೆಂದರೆ ಕೂಸುಗಳು ಅತಿಸಾರದಿಂದ ಸಾಯತೊಡಗುತ್ತಿದ್ದುವು. ಲೀಸ್ಟರ್ ನಗರವಂತೂ ಇದಕ್ಕೆ ಕುಪ್ರಸಿದ್ಧವಾಗಿದ್ದಿತು. ಸರಕಾರದ ಪರವಾಗಿ ಇದನ್ನು ವಿಚಾರಿಸಿದ ಡಾಕ್ಟರ್ ಎಡ್ವರ್ಡ್ ಬ್ಯಾಲರ್ಡ್ ಎಂಬವರು 1880ರ ದಶಕದ ಕೊನೆಯಲ್ಲಿ ಒಂದು ವಿಚಿತ್ರವಾದ ಸಂಗತಿಯನ್ನು ಹೊರಗೆಡಹಿದರು. ನೆಲದಲ್ಲಿ ನಾಲ್ಕು ಅಡಿ ಆಳದಲ್ಲಿಟ್ಟ ಉಷ್ಣಮಾಪಕವು ಸುಮಾರು 56 ಡಿಗ್ರಿ ಫ್ಯಾರನ್‌ಹೀಟನ್ನು ಮುಟ್ಟುವವರೆಗೆ ಈ ಸಾವುಗಳು ಏರತೊಡಗುವುದಿಲ್ಲ! ರೋಗದ ಬೀಜವು ಮಣ್ಣಿನಲ್ಲಿಯೇ ಇದೆಯೆಂದು ಅವರು ಊಹಿಸಿದರು. ಲೆಕ್ಕ ಸರಿಯಾಗಿದ್ದಿತು, ಅರ್ಥ ಮಾತ್ರ ತಪ್ಪಿದ್ದಿತು. ನೆಲವು ಅಷ್ಟು ಆಳಕ್ಕೆ ಕಾಯಬೇಕಾದರೆ ಬಿಸಿಲು ಹಲವು ವಾರ ನಿಲ್ಲಬೇಕು. ಅಷ್ಟು ಕಾಲದಲ್ಲಿ ಬೀದಿಯ ಕುದುರೆಲದ್ದಿಯಲ್ಲಿ ನೊಣಗಳು ಹುಲುಸಾಗಿ ಹೆಚ್ಚುತ್ತಿದ್ದುವು, ಹಾಲೂ ಬೇಗನೆ ಕೆಡುತ್ತಿದ್ದಿತು.

ಬ್ರೈಟನ್ ನಗರದ ಆರೋಗ್ಯಾಧಿಕಾರಿ ಆರ್ಥರ್ ನ್ಯೂಸ್‌ಹೋಮ್ ಅವರ ತರ್ಕವು ನನಗೆ ಬಹಳ ಮೆಚ್ಚಿಕೆಯಾದುದು. ಮೊಲೆಹಾಲು ಕುಡಿಯುವ ಶಿಶುಗಳು ಅತಿಸಾರದಿಂದ ಸಾಯುವುದು ತೀರ ಕಡಿಮೆಯೆಂಬುದು ಎಲ್ಲರೂ ಬಲ್ಲ ವಿಷಯವಾಗಿದ್ದಿತು. ದೋಷವು ಹಸುವಿನ ಹಾಲಿನದೆಂದೂ, ಅದು ಕೊಟ್ಟಿಗೆಯಲ್ಲಿಯೇ ಕೆಡುವುದೆಂದೂ ಹಲವರು ಹೇಳುತ್ತಿದ್ದರು. ಆದರೆ ಡಬ್ಬಿಯ ಗಟ್ಟಿಹಾಲನ್ನು ಕುಡಿದ ಮಕ್ಕಳಲ್ಲಿ ಸಾವು ಇನ್ನೂ ಹೆಚ್ಚಾಗಿರುವುದನ್ನು ಅವರು ಕಂಡರು. ಆ ಹಾಲು ಕೊಟ್ಟಿಗೆಯಿಂದ ನೇರವಾಗಿ ಬಂದುದಲ್ಲ. ಹಾಗಾದರೆ ವಿಷವು ಸೇರುವುದು ಡಬ್ಬಿಯನ್ನು ತೆರೆದ ಮೇಲೆ, ಮನೆಯಲ್ಲಿಯೇ! ತೋಟಿಗಳು ಹೊತ್ತು ಸಾಗಿಸುವ ಪಾಯಿಖಾನೆಗಳಿದ್ದ ಊರುಗಳಿಗಿಂತ ನೀರಿನ ಒಳಚರಂಡಿಯಿದ್ದ ಊರುಗಳಲ್ಲಿ ಈ ರೋಗವು ಕಡಿಮೆಯೆಂಬುದನ್ನೂ ಅವರೇ ತೋರಿಸಿದ್ದರು. ಆಗ ಬಳಕೆಯಲ್ಲಿದ್ದ ಹಾಲಿನ ಸೀಸೆಗಳಿಗೆ ಉದ್ದವಾದ ರಬ್ಬರಿನ ಕೊಳವೆಯಿರುತ್ತಿದ್ದಿತು. ಅದರ ಒಳಭಾಗವನ್ನು ತೊಳೆಯುವುದು ಯಾರಿಂದಲೂ ಆಗದ ಕೆಲಸ. ಫ್ರಾನ್ಸ್ ದೇಶವು 1910ರಲ್ಲಿ ಇಂತಹ ಸೀಸೆಯನ್ನು ನಿಷೇಧಿಸಿತು.

ಮರುವರ್ಷ, 1911ರಲ್ಲಿ, ಇಂಗ್ಲೆಂಡಿನಲ್ಲಿ ಉರಿಬಿಸಿಲು. ಅಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ 1910ರಲ್ಲಿ ಸುಮಾರು 105 ಮಂದಿ ವರ್ಷ ತುಂಬುವ ಮೊದಲೇ ಸತ್ತಿದ್ದರೆ, ಆ ವರ್ಷ 130 ಮಂದಿ ಸತ್ತರು. ತಂಪಾಗಿದ್ದ 1912ರಲ್ಲಿ 95. ತಾಯಂದಿರ ಅಜ್ಞಾನವೇ ಇದಕ್ಕೆ ಕಾರಣವೆಂದು ಉಪದೇಶದ ಕರಪತ್ರಗಳು ಹೊರಟುವು. ಒಂದೇ ನಲ್ಲಿಯನ್ನು ಹಲವು ಸಂಸಾರಗಳು ಹಂಚಿಕೊಳ್ಳುತ್ತಿದ್ದ ಬೀದಿಗಳಲ್ಲಿ, ಗಿರಣಿಯ ಕೂಲಿಗಾಗಿ ಕೂಸನ್ನು ಬಿಟ್ಟುಹೋಗುವ ಹೆಂಗಸಿಗೆ ಶುಚಿತ್ವವನ್ನು ಬೋಧಿಸುವುದು, ಚರಂಡಿ ಹಾಕಿಸುವುದಕ್ಕಿಂತ ಅಗ್ಗವಾಗಿ ಕಂಡಿರಬೇಕು.

ಇನ್ನು ಹಲ್ಲಿನ ವಿಚಾರ. ಹಲ್ಲು ಮೂಡುವ ಆರನೆಯ ತಿಂಗಳ ಸುಮಾರಿಗೇ ಮಗುವಿಗೆ ಮೇಲುಣಿಸು ಆರಂಭವಾಗುತ್ತದೆ. ಅದು ಅಂಬೆಗಾಲಿಟ್ಟು ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ. ತಾಯಿಯಿಂದ ಬಂದ ರಕ್ಷಣೆಯೂ ಕುಗ್ಗುತ್ತ ಬರುತ್ತದೆ. ಪಾಪ, ಹಲ್ಲು ಕೇವಲ ಸಾಕ್ಷಿ. ಬಡದೇಶಗಳಲ್ಲಿ ಮೂರು ವರ್ಷದೊಳಗಿನ ಮಗುವಿಗೆ ವರ್ಷಕ್ಕೆ ಸರಾಸರಿ ಮೂರು ಸಲ ಭೇದಿಯಾಗುವುದೆಂದು ವಿಶ್ವ ಆರೋಗ್ಯ ಸಂಸ್ಥೆಯು ಎಣಿಸಿದೆ. ಪ್ರತಿ ಸಲವೂ ಮೈಯ ನೀರೂ ಲವಣವೂ ಸೋರಿಹೋಗುತ್ತವೆ, ಕೂಸು ಸೊರಗುತ್ತದೆ, ಸೊರಗಿದ ಕೂಸಿಗೆ ಮುಂದಿನ ಭೇದಿ ಬೇಗನೆ ತಗಲುತ್ತದೆ.

ಕುದುರೆಗಳು ಹೋಗಿ ಮೋಟಾರು ಬಂದು, ಹಾಲು ಶುದ್ಧವಾಗಿ, ಇಂಗ್ಲೆಂಡಿನ ಬೇಸಗೆಯ ಅತಿಸಾರವು ಅಡಗಿತು. ಆದರೆ ಚಳಿಗಾಲದ ಭೇದಿಯೊಂದು ತಣ್ಣನೆಯ ದೇಶಗಳ ಶುಚಿಯಾದ ಮನೆಗಳಲ್ಲಿಯೂ ಉಳಿದುಕೊಂಡಿತು. 1973ರಲ್ಲಿ ಮೆಲ್ಬರ್ನ್ ನಗರದಲ್ಲಿ ರೂತ್ ಬಿಷಪ್ ಮತ್ತು ಅವರ ಸಂಗಡಿಗರು ರೋಗಿ ಮಕ್ಕಳ ಕರುಳಿನಲ್ಲಿ ಅದರ ವೈರಸ್ಸನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಕಂಡರು. ಚಕ್ರದ ಆಕಾರದ್ದಾದುದರಿಂದ ಅದಕ್ಕೆ ಲ್ಯಾಟಿನ್ ಮಾತಿನಲ್ಲಿ ‘ರೋಟಾ’ ಎಂಬ ಹೆಸರಾಯಿತು. ಇದೇ ಜಾತಿಯ ವೈರಸ್ಸನ್ನು ಯಾವ ಬೇನೆಯೂ ಇಲ್ಲದೆ ಮೈಯಲ್ಲಿಟ್ಟುಕೊಂಡಿದ್ದ ದೆಹಲಿಯ ನವಜಾತ ಶಿಶುಗಳಿಂದ ದೊರೆತ ತಳಿಯೊಂದು ಭಾರತದ ಲಸಿಕೆಗೆ ಮೂಲವಾಯಿತು. 2016ರಿಂದ ರೋಟಾ ಲಸಿಕೆಯನ್ನು ನಮ್ಮ ಸರಕಾರದ ಲಸಿಕಾ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಹಾಕತೊಡಗಿದರು.